ಒಣರೊಟ್ಟಿಯ ಚೀಲಗಳು

ಮೈಕಿನ ಕತ್ತಿಗೆ ಯಾರೋ ಗಾಯಕ್ಕೆ ಅಂಟಿಸುವ ಪಟ್ಟಿ ಸುತ್ತಿದ್ದಾರೆ, ಅದರ ಅಂಚು ಎದ್ದು ಧೂಳು ಹಿಡಿದು ಕಪ್ಪಾಗಿದೆ, ಕಳೆದ ಸಭೆಯಲ್ಲೂ ಹೀಗೇ ಇತ್ತು, ಅದರ ಹಿಂದಿನದರಲ್ಲೂ — ಒಂದು ಮೈಕು ಸರಿಮಾಡಿಸಲಾಗದವರು ನಮ್ಮ ಚರಂಡಿ ಸರಿಮಾಡಿಸುತ್ತಾರಂತೆ ಎಂದು ಹಿಂದಿನ ಸಾಲಿನವರು ಆಡಿಕೊಂಡರೆ ಅವರದೇನು ತಪ್ಪು, ವಸೀಲಾ ಮೇಜಿನ ಕೆಳಗೆ ಎಡಗಾಲಿನ ಶೂ ಕಳಚಿ ಹಿಮ್ಮಡಿಯನ್ನು ತಣ್ಣಗಿನ ನೆಲಕ್ಕೆ ಒತ್ತಿದಳು, ಹಾಯೆನಿಸಿತು, ಬಲಗಾಲಿನದನ್ನೂ ಕಳಚಿಬಿಡೋಣ ಎಂದುಕೊಂಡಳು, ಆದರೆ ಹೆಸರು ಕರೆದ ತಕ್ಷಣ ಎದ್ದು ನಿಲ್ಲಬೇಕು, ಇಲ್ಲದಿದ್ದರೆ ಬರಿಗಾಲಿನ ಸದಸ್ಯೆ ಎಂದು ಸಂಜೆಯೊಳಗೆ ಫೇಸ್‌ಬುಕ್ಕಿಗೆ ಏರಿಸಿಬಿಡುತ್ತಾರೆ. ಬಂದರಿನ ವಾರ್ಡಿನ ಸದಸ್ಯ ಎದ್ದು ನಿಂತು ತನ್ನ ವಾರ್ಡಿನ ಕೆಲಸಗಳ ವಿವರ ಕೊಡುತ್ತಿದ್ದಾನೆ, ಹಲ್ಲಿನ ಡಾಕ್ಟರು, ರಸ್ತೆಯ ಗುಂಡಿ ಮುಚ್ಚಿದ್ದನ್ನು ಹೇಳುವಾಗಲೂ ಹುಳುಕು ಹಲ್ಲಿಗೆ ಸಿಮೆಂಟು ತುಂಬಿದ್ದನ್ನು ರೋಗಿಗೆ ಸಮಾಧಾನವಾಗುವಂತೆ ಹೇಳುವ ದನಿ, ಅವನಾದ ಮೇಲೆ ಅವಳು, ಖರ್ರೂಬ್ ಕೇರಿ, ನೀರು ದೀಪ ಚರಂಡಿ ಕಸ, ನಾಲ್ಕು ಮಾತು ಹೇಳಿ ಕುಳಿತುಬಿಡಬಹುದಿತ್ತು, ಬೇರೆ ಯಾವ ಸಭೆಯಾಗಿದ್ದರೂ ಕುಳಿತುಬಿಡುತ್ತಿದ್ದಳು, ಗಾರ್ಮೆಂಟ್ಸ್ ಕಾರ್ಖಾನೆಯಲ್ಲಿ ಅರ್ಧ ದಿನದ ರಜೆ ಕೇಳಿ ಬಂದಿದ್ದಾಳೆ, ಮಧ್ಯಾಹ್ನ ಅವಳ ಲೈನಿನ ಹುಡುಗಿಯರು ಜರ್ಮನಿಗೆ ಹೋಗುವ ಪ್ಯಾಂಟುಗಳ ಜೇಬು ತಿರುಗುಮುರುಗು ಹೊಲಿದಿಟ್ಟಿರುತ್ತಾರೆ. ಆದರೆ ಇವತ್ತು ನೂರಿ ಬಂದಿದ್ದಾನೆ. ಹಿಂದೆ, ಬಾಗಿಲ ಹತ್ತಿರ, ಗೋಡೆಗೆ ಬೆನ್ನು ಕೊಟ್ಟು, ಇಸ್ತ್ರಿ ಮಾಡಿದ ಬಿಳಿ ಅಂಗಿ, ಮದುವೆಗೋ ಸಾವಿಗೋ ಹೊರಟವನ ಹಾಗೆ, ಕಸದ ಲಾರಿಯ ಹಿಂದೆ ನೇತಾಡುವ ಹಳದಿ ಜಾಕೀಟಿನಲ್ಲಿ ಬಿಟ್ಟು ಬೇರೆ ಬಟ್ಟೆಯಲ್ಲಿ ಅವನನ್ನು ನೋಡಿದ ನೆನಪೇ ಇಲ್ಲ ಅವಳಿಗೆ. ಸಭೆಗೆ ಮುಂಚೆ ಕಾರಿಡಾರಿನಲ್ಲಿ ನಗರಸಭೆಯ ಅಧ್ಯಕ್ಷ ಸೀದಿ ತುಹಾಮಿ ಕಾಫಿ ಲೋಟ ಅಲ್ಲಾಡಿಸುತ್ತಾ ಹೇಳಿದ, ನೋಡಿ ವಸೀಲಾ, ನನಗೇನು ಅವನ ಮೇಲೆ ದ್ವೇಷ ಇಲ್ಲ, ನಿಮ್ಮ ವಾರ್ಡಲ್ಲಿ ಆದೇಶ ಪಾಲನೆ ಆಗಿದೆ ಅಂತ ನೀವು ಎಲ್ಲರೆದುರು ಹೇಳಿಬಿಡಿ, ಅವನ ಗುತ್ತಿಗೆ ಇನ್ನೊಂದು ವರ್ಷ ಮುಂದುವರಿಸ್ತೀನಿ, ಆಗಿಲ್ಲ ಅಂತೀರಾ, ಅವನ ಜಾಗಕ್ಕೆ ಇವತ್ತೇ ಬೇರೆಯವನನ್ನ ತಗೋತೀನಿ, ನಿಮ್ಮ ಮಾತೇ ಪ್ರಮಾಣ. ನಿಮ್ಮ ಮಾತೇ ಪ್ರಮಾಣ, ಎಷ್ಟು ಸಲೀಸಾಗಿ ಹೇಳಿ ಕಾಫಿ ಮುಗಿಸಿದ, ಲೋಟವನ್ನು ಕಿಟಕಿಯ ಮೇಲೆ ಇಟ್ಟು ಹೋದ, ಅದನ್ನು ಯಾರೋ ತೆಗೆಯುತ್ತಾರೆ, ಇಲ್ಲಿ ಯಾವಾಗಲೂ ಯಾರೋ ತೆಗೆಯುತ್ತಾರೆ.

ಆದೇಶ ಅವಳದೇ. ಅದನ್ನು ಮರೆಯಬಾರದು, ಮರೆಯಲು ಯಾರೂ ಬಿಡುವುದೂ ಇಲ್ಲ, ವಸೀಲಾಳ ರೊಟ್ಟಿ ಕಾನೂನು ಎಂದೇ ಹೆಸರು ಬಿದ್ದಿದೆ, ತರಕಾರಿಯವನು ಸಹ ಮೆಂತ್ಯದ ಕಟ್ಟು ಕೊಡುವಾಗ ಇದನ್ನ ಎಲ್ಲಿ ನೇತುಹಾಕ್ಲಿ ಅಕ್ಕ ಎಂದು ನಗುತ್ತಾನೆ. ಮಿಕ್ಕ ರೊಟ್ಟಿಯನ್ನು ಕಸಕ್ಕೆ ಹಾಕುವವರು ಈ ಊರಲ್ಲಿ ಯಾರಿದ್ದಾರೆ, ಅವಳ ತಾಯಿ ನೆಲಕ್ಕೆ ಬಿದ್ದ ಚೂರನ್ನು ಎತ್ತಿ ಮುತ್ತಿಟ್ಟು ಹಣೆಗೆ ತಾಗಿಸಿ ಗೋಡೆಯ ಮೇಲಿಡುತ್ತಿದ್ದಳು, ಅವಳೂ ಹಾಗೆಯೇ ಮಾಡುತ್ತಾಳೆ, ಕೈ ತಾನಾಗಿಯೇ ಹೋಗುತ್ತದೆ, ಒಣಗಿದ ಉದ್ದ ರೊಟ್ಟಿ, ತಬೂನಾ ಒಲೆಯ ದುಂಡು ರೊಟ್ಟಿಯ ತುಂಡು, ಎಲ್ಲ ಒಂದು ತೆಳು ಚೀಲಕ್ಕೆ ಸೇರಿ, ಚೀಲ ಕಸದ ತೊಟ್ಟಿಯ ಪಕ್ಕದ ಕಂಬಕ್ಕೋ ಬೇಲಿಗೋ ಮರದ ಕೊಂಬೆಗೋ ನೇತುಬೀಳುತ್ತದೆ, ಒಳಗಿರುವುದು ರೊಟ್ಟಿ ಎಂದು ಹೊರಗೆ ಕಾಣಬೇಕು, ಬೇಕಾದವರು ಒಯ್ಯಬೇಕು. ಒಯ್ಯುತ್ತಿದ್ದವನು ಖಮೈಸಜ್ಜ, ಕತ್ತೆಗಾಡಿ ಕಟ್ಟಿಕೊಂಡು ಬೆಳಗಾಗುವ ಮೊದಲೇ ಬಂದು ಒಂದೊಂದೇ ಚೀಲ ಬಿಚ್ಚಿ ಕುರಿಗಳಿಗೆ ಕೊಂಡೊಯ್ಯುತ್ತಿದ್ದ, ಖರ್ರೂಬ್ ಕೇರಿಯ ರೊಟ್ಟಿ ತಿಂದ ಕುರಿಯ ಮಾಂಸಕ್ಕೆ ಉಪ್ಪೇ ಬೇಡ ಎನ್ನುತ್ತಿದ್ದ, ಅವನ ಮೊಣಕಾಲು ಹೋಯಿತು, ಕುರಿ ಮಾರಿದ, ಸ್ಫಾಕ್ಸ್ ಪಟ್ಟಣದಲ್ಲಿರುವ ಮಗಳ ಮನೆಗೆ ಹೋದ, ಹೋಗುತ್ತೇನೆ ಎಂದು ಯಾರಿಗೂ ಹೇಳಲಿಲ್ಲ, ಹೇಳಬೇಕಾದಂಥ ಕೆಲಸ ಅದು ಎಂದು ಅವನಿಗೂ ಅನಿಸಿರಲಾರದು. ಚೀಲಗಳು ಮಾತ್ರ ನೇತುಬೀಳುತ್ತಲೇ ಇದ್ದವು. ವಾರ, ತಿಂಗಳು, ಮಳೆ, ಬೂಷ್ಟು, ಕಂಬವೊಂದಕ್ಕೆ ಗೊನೆಯ ಹಾಗೆ ಚೀಲಗಳು, ಆಮೇಲೆ ಇಲಿ — ಇಲಿ ಎಂದರೆ ಬೆಕ್ಕು ಹೆದರುವ ಇಲಿ — ಆಮೇಲೆ ಪುಟ್ಟ ರನೀಮ್, ಮಲಗಿದ್ದ ಮಗುವಿನ ಕಿವಿಯ ತುದಿ ಕಚ್ಚಿತು, ಅವಳ ತಾಯಿ ರಕ್ತದ ದಿಂಬಿನ ಚೀಲ ಹಿಡಿದುಕೊಂಡೇ ಇದೇ ಸಭೆಗೆ ಬಂದಿದ್ದಳು, ಇದೇ ಮೈಕಿನ ಮುಂದೆ, ಬಟ್ಟೆಯನ್ನು ಮೇಜಿನ ಮೇಲೆ ಹರಡಿದಳು. ವಸೀಲಾ ಮನೆಗೆ ಹೋಗಿ ಅನ್ನ ಮುಟ್ಟಲಿಲ್ಲ, ಮರುದಿನವೇ ಠರಾವು ಬರೆದಳು, ಕಂಬ ಮರ ಬೇಲಿಗಳಿಗೆ ಚೀಲ ಕಟ್ಟುವಂತಿಲ್ಲ, ಕಟ್ಟಿದ್ದನ್ನು ನಗರಸಭೆಯ ಕಸದ ಲಾರಿ ತೆರವು ಮಾಡತಕ್ಕದ್ದು, ಎಲ್ಲರೂ ಕೈಯೆತ್ತಿದರು, ಹಲ್ಲಿನ ಡಾಕ್ಟರೂ ಎತ್ತಿದ, ತೆರವು ಎಂಬ ಮಾತು ಬರೆಯುವುದಕ್ಕೆ ಎಷ್ಟು ಚೊಕ್ಕಟ, ಆ ಮಾತಿಗೆ ಕೈಯೊಂದು ಬೇಕಾಗುತ್ತದೆ ಎಂದು ಆ ದಿನ ಯಾರೂ ಯೋಚಿಸಲಿಲ್ಲ, ಅವಳೂ ಯೋಚಿಸಲಿಲ್ಲ.

ಕೈ ನೂರಿಯದು. ಮೊದಲ ಬೆಳಿಗ್ಗೆ ಲಾರಿ ನಿಂತಿತು, ಅವನು ಇಳಿದ, ಕಂಬದ ಹತ್ತಿರ ಹೋಗಿ ಗ್ಲೌಸು ಕಳಚಿದ — ರೊಟ್ಟಿ ಮುಟ್ಟುವುದಕ್ಕೆ ಕಸದ ಗ್ಲೌಸು ಕಳಚಿದ, ಅವಳು ಕೆಲಸಕ್ಕೆ ಹೊರಟಿದ್ದವಳು ಅಲ್ಲೇ ನಿಂತಿದ್ದಳು, ಕಣ್ಣಾರೆ ನೋಡಿದ್ದಾಳೆ — ಚೀಲ ಬಿಚ್ಚಿ ಕೈಯಲ್ಲಿ ಹಿಡಿದುಕೊಂಡ, ಲಾರಿಯ ಹಿಂಬದಿಗೆ ಹೋದ, ಕಸ ಅದುಮುವ ಹಲಗೆ ಬಾಯಿ ತೆರೆದು ಕಾಯುತ್ತಿತ್ತು, ಮೀನಿನ ತಲೆ, ಡಯಾಪರು, ಕಲ್ಲಂಗಡಿ ಸಿಪ್ಪೆ, ನೂರಿ ಒಮ್ಮೆ ಅದನ್ನು ನೋಡಿದ, ಚೀಲ ನೋಡಿದ, ವಾಪಸು ಹೋಗಿ ಕಂಬಕ್ಕೇ ಕಟ್ಟಿದ. ಎರಡನೆಯ ದಿನವೂ ಅಷ್ಟೆ. ಮೇಸ್ತ್ರಿ ಬೈದ, ನೂರಿ ನನ್ನ ಕೈ ಹೋಗಲ್ಲ ಎಂದ, ಮೇಸ್ತ್ರಿ ಹಾಗಾದರೆ ಹಾಕಬೇಡ, ಆದರೆ ತೆರವು ಮಾಡು ಎಂದ, ಅದು ಹೇಗೆ ಎಂದು ಮೇಸ್ತ್ರಿಗೂ ಗೊತ್ತಿರಲಿಲ್ಲ. ಆಮೇಲೆ ಅಧ್ಯಕ್ಷನೇ ಬಂದ, ಫೋಟೋದವನ ಸಮೇತ, ಕೇರಿಯವರೆಲ್ಲ ಬಾಗಿಲಿಗೆ ಬಂದು ನಿಂತರು, ಸೀದಿ ತುಹಾಮಿ ಬೆರಳೆತ್ತಿ ಪೌರಕಾರ್ಮಿಕನ ಕರ್ತವ್ಯದ ಮೇಲೆ ಭಾಷಣ ಮಾಡಿದ, ನೂರಿ ಕೊನೆಯವರೆಗೂ ಕೇಳಿಸಿಕೊಂಡ, ಆಮೇಲೆ ಒಂದು ಚೀಲ ತೆಗೆದು ಎರಡೂ ಕೈಯಲ್ಲಿ ಅಧ್ಯಕ್ಷನ ಮುಂದೆ ಚಾಚಿ, ಸಾಹೇಬ್ರೇ, ನೀವು ದೊಡ್ಡೋರು, ಒಂದು ಸಲ ನೀವು ಹಾಕಿ ತೋರ್ಸಿಬಿಡಿ, ಆಮೇಲೆ ನಾನು ಹಾಕ್ತೀನಿ, ಎಂದ. ಅವನ ದನಿಯಲ್ಲಿ ಕುಹಕ ಇರಲಿಲ್ಲ, ಇದ್ದಿದ್ದರೆ ಒಳ್ಳೆಯದಿತ್ತು, ಬೈದು ಕಳಿಸಬಹುದಿತ್ತು. ಸೀದಿ ತುಹಾಮಿ ಚೀಲ ಹಿಡಿದುಕೊಂಡ. ನಿಂತ. ಹಲಗೆಯ ಕಡೆ ಒಂದು ಹೆಜ್ಜೆ ಇಟ್ಟ, ಅವನ ತುಟಿ ಏನೋ ಗೊಣಗಿತು, ಸುತ್ತ ನೋಡಿದ, ಕೇರಿಯ ಝಕಿಯಜ್ಜಿ ಬಾಗಿಲ ಚೌಕಟ್ಟಿಗೆ ಒರಗಿ ಹಾಕಪ್ಪಾ ಹಾಕು, ನಿಮ್ಮವ್ವ ಮೇಲಿಂದ ನೋಡ್ತಿದ್ದಾಳೆ ಎಂದಳು, ಅವನು ಚೀಲವನ್ನು ತನ್ನ ಕಾರಿನ ಡ್ರೈವರನ ಕೈಗೆ ಕೊಟ್ಟ, ಡ್ರೈವರು ಸೀಟಿನ ಪಕ್ಕ ಇಟ್ಟುಕೊಂಡ, ಕಾರು ಹೊರಟಿತು. ಎಲ್ಲ ಯಾರದೋ ಫೋನಿನಲ್ಲಿ ದಾಖಲಾಗಿತ್ತು. ಊರು ಒಂದು ವಾರ ನಕ್ಕಿತು. ಆ ನಗುವಿಗೆ ಬೆಲೆ ಇವತ್ತು ಯಾರಾದರೂ ತೆರಬೇಕು, ಹಿಂದೆ ನಿಂತ ಬಿಳಿ ಅಂಗಿಯವನು ತೆರುತ್ತಾನೆ, ಅಧ್ಯಕ್ಷನಿಗೆ ದ್ವೇಷ ಇಲ್ಲವಂತೆ.

ಮತ್ತು ಕಂಬಗಳು ಈಗ ಖಾಲಿ, ಇದೇ ತಮಾಷೆ, ಯಾರು ಬೇಕಾದರೂ ಹೋಗಿ ನೋಡಲಿ, ಒಂದು ಚೀಲವಿಲ್ಲ. ಕೇರಿಯವರು ಕಾನೂನು ಪಾಲಿಸುತ್ತಾರೆ, ಕಟ್ಟಿದ್ದನ್ನೂ ತಾವೇ ಬಿಚ್ಚಿಕೊಂಡರು. ಕಂಬಕ್ಕೆ ಕಟ್ಟಬೇಡಿ ಎಂದವಳು ಅವಳು, ಹಾಗಾದರೆ ಎಲ್ಲಿಗೆ ಎಂದು ಕೇಳಿದಾಗ ನಾನು ಏನಾದರೂ ವ್ಯವಸ್ಥೆ ಮಾಡ್ತೀನಿ ಎಂದವಳೂ ಅವಳೇ, ಮರುದಿನ ಬಾಗಿಲು ತೆರೆದರೆ ಹಿಡಿಕೆಗೆ ಒಂದು ಚೀಲ, ಅದರ ಮರುದಿನ ಹಿಡಿಕೆಗೆ, ಕಿಟಕಿಯ ಸರಳಿಗೆ, ನೀರಿನ ಮೀಟರಿಗೆ, ಗಂಡ ಲಝ್ಹರನ ಸ್ಕೂಟರಿನ ಕನ್ನಡಿಗೆ. ಯಾರೂ ಕುಚೋದ್ಯಕ್ಕೆ ಮಾಡಲಿಲ್ಲ, ನಂಬಿಕೆಯಿಂದ ಮಾಡಿದರು, ಝಕಿಯಜ್ಜಿಯಂತೂ ಮೆಟ್ಟಿಲು ಹತ್ತಿ ಬಂದು ಕೈಯಲ್ಲೇ ಕೊಟ್ಟಳು, ಇದು ಮೊಮ್ಮಗ ಕಚ್ಚಿ ಬಿಟ್ಟಿದ್ದು ಮಗಳೇ, ಅವನಿಗೆ ಹೊಟ್ಟೆ ಸರಿಯಿಲ್ಲ, ನಿನ್ನ ಕೈಯಲ್ಲಿದ್ರೆ ಒಳ್ಳೆ ಜಾಗಕ್ಕೆ ಸೇರತ್ತೆ. ಒಳ್ಳೆ ಜಾಗ. ಅವಳು ಕೋಳಿ ಫಾರಮಿಗೆ ಫೋನು ಮಾಡಿದಳು, ಬೂಷ್ಟಿನ ರೊಟ್ಟಿ ತಿಂದರೆ ಕೋಳಿ ಸಾಯುತ್ತವೆ ಎಂದರು, ಕುರಿಯವನೊಬ್ಬ ಸಿಕ್ಕಿದ, ತಂದುಕೊಟ್ಟರೆ ತಗೋತೀನಿ ಎಂದ, ಅವನ ಹಟ್ಟಿ ಗುಡ್ಡದಾಚೆ, ಬಸ್ಸಿಲ್ಲ, ಲಝ್ಹರನ ಸ್ಕೂಟರಿನಲ್ಲಿ ಒಮ್ಮೆ ಕಟ್ಟಿಕೊಂಡು ಹೋದರು, ದಾರಿಯಲ್ಲಿ ಚೀಲ ಹರಿದು ರಸ್ತೆಯುದ್ದಕ್ಕೂ ರೊಟ್ಟಿ ಬಿದ್ದು, ಇಬ್ಬರೂ ಬಿಸಿಲಲ್ಲಿ ಒಂದೊಂದೇ ಎತ್ತಿ ಮುತ್ತಿಟ್ಟು ಕಲ್ಲಿನ ಮೇಲೆ ಇಡುತ್ತಾ, ಹಿಂದಿನಿಂದ ಕಾರುಗಳ ಹಾರ್ನ್, ಲಝ್ಹರ್ ನಗಲೂ ಇಲ್ಲ ಬೈಯಲೂ ಇಲ್ಲ, ಅದೇ ಕೆಟ್ಟದ್ದು. ನಗರಸಭೆಯ ಟ್ರ್ಯಾಕ್ಟರು ಕೇಳಿದಳು, ಡೀಸೆಲ್ಲಿಲ್ಲ. ಮಹಡಿ ಮೆಟ್ಟಿಲ ಕೆಳಗೆ ಚೀಲಗಳು ತುಂಬಿದವು, ಮೆಟ್ಟಿಲ ಮೇಲೆ ತುಂಬಿದವು, ಮನೆಯಿಡೀ ಹುಳಿ ವಾಸನೆ, ಬಟ್ಟೆಗೆ ಕೂದಲಿಗೆ, ಕಾರ್ಖಾನೆಯಲ್ಲಿ ಲೈನಿನ ಹುಡುಗಿ ಮೇಡಂ ನೀವು ಬೇಕರಿ ಇಟ್ರಾ ಎಂದಳು, ಮೊನ್ನೆ ಮೆಟ್ಟಿಲ ಕೆಳಗಿಂದ ಸರಕ್ಕೆಂದು ಏನೋ ಓಡಿತು, ಬಾಲ ಕಂಡಿತು, ಲಝ್ಹರ್ ಚಪ್ಪಲಿ ಹಾಕಿಕೊಳ್ಳುತ್ತಾ ಅವಳ ಕಡೆ ನೋಡದೆ ಹೇಳಿದ, ಕಂಬದ ಇಲೀನ ಮನೆಗೆ ತಂದೆ, ಭೇಷ್, ಇನ್ನು ಈ ಮನೇಲಿ ರೊಟ್ಟಿ ಇರ್ಬೇಕು ಇಲ್ಲ ನಾನಿರ್ಬೇಕು. ಅವನು ಹಾಗೆಲ್ಲ ಮಾತಾಡುವವನಲ್ಲ. ಅವನಿಗೂ ಸುಸ್ತಾಗಿತ್ತು. ಯಾರಿಗೆ ಸುಸ್ತಾಗಿಲ್ಲ.

ಹಲ್ಲಿನ ಡಾಕ್ಟರು ಪುಟ ತಿರುಗಿಸಿದ, ಇನ್ನೂ ಇದೆ, ಇರಲಿ, ಅವನು ಮಾತಾಡುತ್ತಲೇ ಇರಲಿ, ಹಲಗೆ ಇಳಿಯುತ್ತದೆ — ಬೇಡ, ಈಗ ಬೇಡ ಅದು — ಕೈಗಳನ್ನು ಮೇಜಿನ ಕೆಳಗೆ ಉಜ್ಜಿಕೊಂಡಳು, ಮೂರು ಸಲ ಸೋಪು ಹಾಕಿ ತೊಳೆದು ಬಂದಿದ್ದಾಳೆ, ಆದರೂ ಹುಳಿ ವಾಸನೆ ಇದೆ. ಇವತ್ತು ಬೆಳಿಗ್ಗೆ. ಅದು ಇವತ್ತೇ ಬೆಳಿಗ್ಗೆ ನಡೆದದ್ದು ಎಂದರೆ ನಂಬಲಾಗುವುದಿಲ್ಲ, ಹಳೆಯದೊಂದು ಮಾತಿನ ಹಾಗಿದೆ. ಕಸದ ಕಪ್ಪು ಚೀಲಗಳನ್ನು ನಿನ್ನೆ ಅಂಗಡಿಯಿಂದ ತಂದಿದ್ದಳು, ದಪ್ಪನೆಯವು, ಒಳಗಿರುವುದು ಕಾಣದಂಥವು, ಮೆಟ್ಟಿಲ ಮೇಲೆ ಕುಳಿತು ತೆಳು ಚೀಲಗಳನ್ನು ಕಪ್ಪು ಚೀಲಗಳೊಳಗೆ ತುರುಕಿದಳು, ಮೇಲೆ ಆಲೂಗಡ್ಡೆ ಸಿಪ್ಪೆ, ಕಾಫಿ ಗಸಿ, ಯಾರಿಗೂ ಅನುಮಾನ ಬರಬಾರದು, ಈ ಬುದ್ಧಿ ಎಲ್ಲಿಂದ ಬಂತು ಎಂದು ಅವಳಿಗೇ ಆಶ್ಚರ್ಯ, ಬೀದಿಯಲ್ಲಿ ಯಾರೂ ಇರಲಿಲ್ಲ, ತೊಟ್ಟಿಗೆ ಒಂದೊಂದೇ ಎತ್ತಿ ಹಾಕುತ್ತಿರುವಾಗ ಲಾರಿ ಬಂದೇ ಬಿಟ್ಟಿತು, ನೂರಿ ಇಲ್ಲ, ನೂರಿಯನ್ನು ಹದಿನೈದು ದಿನದಿಂದ ಮನೆಯಲ್ಲಿ ಕೂರಿಸಿದ್ದಾರೆ, ಬದಲಿಗೆ ಬಂದವನು ಪಕ್ಕದೂರಿನವನು, ಏನಕ್ಕ ಹಬ್ಬದ ಕ್ಲೀನಿಂಗಾ ಎಂದ, ಅವಳು ಹೂಂ ಎಂದಳು. ಹೋಗಿಬಿಡಬಹುದಿತ್ತು. ಯಾಕೆ ನಿಂತಳು. ಯಂತ್ರ ತೊಟ್ಟಿಯನ್ನು ಎತ್ತಿ ಬೋರಲು ಮಾಡಿತು, ಕಪ್ಪು ಚೀಲಗಳು ಕಸದ ಮೇಲೆ ಉರುಳಿದವು, ಹಲಗೆ ಇಳಿಯತೊಡಗಿತು, ನಿಧಾನ, ಅದು ಯಾವತ್ತೂ ನಿಧಾನ, ಒಂದು ಚೀಲ ಒತ್ತಡಕ್ಕೆ ಪಟ್ಟೆಂದು ಒಡೆಯಿತು, ಒಳಗಿನ ತೆಳು ಚೀಲವೂ ಹರಿಯಿತು, ಅರ್ಧ ದುಂಡು ರೊಟ್ಟಿ ಹೊರಗೆ ಜಾರಿ ಕಬ್ಬಿಣದ ಅಂಚಿನ ಮೇಲೆ ಬಂದು ನಿಂತಿತು, ಒಂದು ಕಡೆ ಕಚ್ಚಿದ ಗುರುತು, ಚಿಕ್ಕ ಬಾಯಿ, ಹಲ್ಲಿನ ಸಾಲು ಒಂದೊಂದೂ ಕಾಣುವಂತೆ, ಒಣಗಿ ಹಾಗೇ ಉಳಿದಿತ್ತು — ಪಕ್ಕದೂರಿನವನು ಆ ಕಡೆ ತಿರುಗಿ ಸಿಗರೇಟು ಹಚ್ಚುತ್ತಿದ್ದ, ಕೈ ಚಾಚಿದರೆ ಸಿಗುತ್ತಿತ್ತು ಅವಳಿಗೆ. ಚಾಚಲಿಲ್ಲ. ಆಕಾಶ ಬೀಳಲಿಲ್ಲ. ಲಾರಿ ಹೋಯಿತು, ಅವಳು ಮನೆಗೆ ಬಂದು ಮೆಟ್ಟಿಲು ತೊಳೆದಳು, ಲಝ್ಹರ್ ಎದ್ದು ಬಂದು ಖಾಲಿ ಮೆಟ್ಟಿಲು ನೋಡಿ ಎಲ್ಲಿ ಎಂದು ಕೇಳಲಿಲ್ಲ, ಕಾಫಿ ಮಾಡಿಕೊಟ್ಟ, ಬಹಳ ದಿನದ ಮೇಲೆ ಮಾಡಿಕೊಟ್ಟ, ಅವಳು ಕುಡಿದಳು, ಚೆನ್ನಾಗಿಯೇ ಇತ್ತು. ಆಗಬಹುದಾದ್ದು ಇಷ್ಟೇ, ಎಂದು ಆಗ ಅನಿಸಿತ್ತು, ಊರೆಲ್ಲ ಹೆದರಿದ್ದು ಇಷ್ಟಕ್ಕೇ.

ನಿನ್ನೆ ಸಂಜೆ ನೂರಿಯ ಹೆಂಡತಿ ಹನಿಯಾ ಬಂದಿದ್ದಳು, ಮೆಟ್ಟಿಲ ಮೇಲಿನ ಚೀಲಗಳನ್ನು ದಾಟಿಕೊಂಡು, ಮೂಗಿಗೆ ತಲೆವಸ್ತ್ರದ ಅಂಚು ಒತ್ತದೆ, ಏನೂ ಆಗಿಲ್ಲವೆಂಬಂತೆ ಅಡುಗೆಮನೆಯ ಸ್ಟೂಲಿನ ಮೇಲೆ ಕುಳಿತಳು, ಏಳು ತಿಂಗಳ ಹೊಟ್ಟೆ, ಕೊಟ್ಟ ಹಣ್ಣನ್ನು ಕೈಯಲ್ಲೇ ಹಿಡಿದುಕೊಂಡಳು. ಅವರಿಗೆ ಹೇಳಿ ಹೇಳಿ ಸಾಕಾಯ್ತಕ್ಕ, ಮನೇಲಿ ಮಾತೇ ಆಡಲ್ಲ, ಲಾರಿ ಸದ್ದು ಕೇಳಿದ್ರೆ ಕಿಟಕಿಗೆ ಹೋಗಿ ನಿಲ್ತಾರೆ, ನೀವು ಸಭೇಲಿ ಏನಾದ್ರೂ ಹೇಳಿ, ಅವರು ಮಾಡಿದ್ರು ಅಂತ್ಲೇ ಹೇಳಿಬಿಡಿ, ಯಾರು ಹೋಗಿ ನೋಡಿದ್ದಾರೆ. ನೂರಿಗೆ ಗೊತ್ತಾ ನೀನು ಬಂದಿದ್ದು ಎಂದು ವಸೀಲಾ ಕೇಳಿದಳು. ಗೊತ್ತಾದ್ರೆ ನನ್ನ ತವರಿಗೆ ಕಳಿಸ್ತಾರೆ ಎಂದು ಹನಿಯಾ ನಕ್ಕಳು, ನಗುವಾಗ ಹೊಟ್ಟೆ ಹಿಡಿದುಕೊಂಡಳು. ಏನಾದರೂ ಹೇಳುತ್ತೇನೆ ಎಂದು ಮಾತು ಕೊಟ್ಟಾಯಿತು. ಈಗ ನೋಡಿದರೆ ಎಲ್ಲ ತಾನಾಗಿ ಕೂಡಿಕೊಂಡಿದೆ, ಕಂಬ ಖಾಲಿ, ಮನೆ ಖಾಲಿ, ತೆರವಾಗಿದೆ ಎಂದರೆ ಸುಳ್ಳಲ್ಲ, ಯಾರಿಂದ ಎಂದು ಕೇಳಿದರೆ ಒಂದು ಹೆಸರು, ಒಂದೇ ಒಂದು ಹೆಸರು ಬದಲಿಸಬೇಕು, ಒಬ್ಬನ ಹೊಟ್ಟೆಪಾಡು ಉಳಿಯುತ್ತದೆ, ಒಂದು ಮಗು ಹುಟ್ಟುತ್ತದೆ, ಅಧ್ಯಕ್ಷನ ಮೀಸೆ ನೆಟ್ಟಗಾಗುತ್ತದೆ, ಇದಕ್ಕಿಂತ ಸುಲಭದ ಕೆಲಸ ಈ ನಾಲ್ಕು ವರ್ಷದಲ್ಲಿ ಅವಳಿಗೆ ಸಿಕ್ಕಿಲ್ಲ. ಚಪ್ಪಾಳೆ, ಮೂರು ಜನರದು, ಹಲ್ಲಿನ ಡಾಕ್ಟರು ಕುಳಿತ. ಖರ್ರೂಬ್ ವಾರ್ಡು, ಶ್ರೀಮತಿ ವಸೀಲಾ. ಶೂ — ಎಡಗಾಲಿನ ಶೂ ಎಲ್ಲಿ ಹೋಯಿತು, ಕಾಲಿನಿಂದ ತಡಕಾಡಿದಳು, ಸಿಕ್ಕಿತು, ಎದ್ದಳು.

ನೀರು, ಎಂದು ಶುರುಮಾಡಿದಳು, ತನ್ನ ದನಿ ಮೈಕಿನಿಂದ ಬೇರೆ ಯಾರದೋ ಆಗಿ ಬರುತ್ತಿದೆ, ಮೇಲಿನ ಓಣಿಗೆ ನೀರು ರಾತ್ರಿ ಬರ್ತಾ ಇದೆ, ಹಗಲೂ ಬಿಡಿ ಅಂತ ನೀರಿನ ಕಂಪೆನಿಗೆ ಮತ್ತೆ ಕೇಳಿದ್ದೀವಿ, ನೀರು ನಗರಸಭೆ ಕೈಲಿಲ್ಲ ಅಂತ ನಿಮಗೇ ಗೊತ್ತು. ನಿಮ್ಮ ಕೈಲಿ ಏನಿದೆ ಅಕ್ಕ, ಅದನ್ನ ಹೇಳಿ, ಬೇಗ ಮುಗಿಯತ್ತೆ, ಎಂದು ಕ್ಷೌರದಂಗಡಿಯವನು ಕೂಗಿದ, ನಗು, ಅವಳೂ ತುಟಿ ಓರೆ ಮಾಡಿದಳು, ದೀಪ, ಶಾಲೆಯ ತಿರುವಿನ ದೀಪ ಹತ್ತಿದೆ, ಮಸೀದಿ ಹಿಂದಿನದು ಹತ್ತಿಲ್ಲ, ಬಲ್ಬು ಬಂದಿದೆ, ಏಣಿ ಬಂದಿಲ್ಲ, ಮತ್ತೆ ನಗು, ಚರಂಡಿ, ಚರಂಡಿಯ ಮುಚ್ಚಳ ಕದಿಯುವವರು ದಯವಿಟ್ಟು ಮಳೆಗಾಲ ಮುಗಿಯುವವರೆಗೆ ತಡೆಯಿರಿ, ಇದಕ್ಕೆ ಅಧ್ಯಕ್ಷನೂ ನಕ್ಕ, ಎಲ್ಲ ಚೆನ್ನಾಗಿ ಹೋಗುತ್ತಿದೆ, ಹೀಗೇ ಜಾರಿಕೊಂಡು ಹೋಗಿ ಮುಗಿಸಿಬಿಡಬಹುದು, ಕಸ, ಹೊಸ ತೊಟ್ಟಿ ಬಂದಿವೆ, ಇಲಿ ಕಡಿಮೆಯಾಗಿದೆ — ರನೀಮಳ ತಾಯಿ ಎರಡನೆಯ ಸಾಲಿನಲ್ಲಿ ತಲೆ ಎತ್ತಿದಳು, ಹೌದು ಎಂಬಂತೆ ಕಣ್ಣು ಮುಚ್ಚಿ ತೆರೆದಳು, ಒಬ್ಬಳಿಗಾದರೂ, ಒಬ್ಬಳಿಗಾದರೂ ಇದರಿಂದ ಒಳ್ಳೆಯದಾಗಿದೆ — ಕಂಬಗಳ ಚೀಲ ಪೂರ್ತಿ ತೆರವಾಗಿವೆ, ಒಂದೂ ಉಳಿದಿಲ್ಲ. ಕುಳಿತುಕೊಳ್ಳಲು ಹೊರಟಳು. ಸೀದಿ ತುಹಾಮಿ ಪೆನ್ನಿನಿಂದ ಮೇಜು ತಟ್ಟಿದ, ಒಂದು ನಿಮಿಷ, ಇದು ನಡಾವಳಿಯಲ್ಲಿ ಬರಬೇಕು, ತೆರವು ಮಾಡಿದ್ದು ಯಾರು. ಹಲಗೆ ನಿಧಾನ ಇಳಿಯುತ್ತದೆ. ಅವಳು ಹಿಂದಿನ ಗೋಡೆಯ ಕಡೆ ನೋಡಲಿಲ್ಲ, ಮೈಕಿನ ಕತ್ತಿನ ಪಟ್ಟಿಯನ್ನು ನೋಡುತ್ತಾ ಹೇಳಿದಳು, ನಮ್ಮ ನೂರಿ, ಅವನೇ ಎಲ್ಲ ಚೀಲ ಲಾರಿಗೆ ಹಾಕಿದ್ದು, ಮನೆಯಲ್ಲಿ ಕೂರಿಸೋ ಮುಂಚೆಯೇ ಹಾಕಿ ಹೋಗಿದ್ದಾನೆ, ಒಳ್ಳೆ ಕೆಲಸಗಾರ, ಅವನ ಗುತ್ತಿಗೆ ಮುಂದುವರಿಸಬೇಕು ಅಂತ ನಮ್ಮ ವಾರ್ಡು ಕೇಳ್ಕೊಳ್ಳತ್ತೆ. ಹೇಳಿ ಮುಗಿಯಿತು, ಹಗುರ, ಅಧ್ಯಕ್ಷ ತಲೆಯಾಡಿಸಿ ಬರೆದುಕೊಳ್ಳಿ ಎಂದು ಗುಮಾಸ್ತೆಗೆ ಸನ್ನೆ ಮಾಡಿದ, ಆಮೇಲೆ ಕುರ್ಚಿಗಳು ಕಿರುಗುಟ್ಟುತ್ತಿವೆ, ಒಂದೊಂದಾಗಿ ಎಲ್ಲರೂ ಹಿಂದಕ್ಕೆ ತಿರುಗುತ್ತಿದ್ದಾರೆ, ಇದು ಅವಳ ಲೆಕ್ಕದಲ್ಲಿ ಇರಲಿಲ್ಲ, ಕೆಲಸ ಉಳಿಸುವ ಮಾತು ಎಂದಷ್ಟೇ ಲೆಕ್ಕ ಹಾಕಿದ್ದಳು, ಈ ಊರಲ್ಲೇ ಹುಟ್ಟಿ, ಈ ಊರ ನೆಲದ ಚೂರು ಎತ್ತಿ ಮುತ್ತಿಟ್ಟು ಬೆಳೆದು, ಆ ಮಾತಿನಿಂದ ನೂರಿ ಏನಾಗುತ್ತಾನೆ ಎಂದು ಯೋಚಿಸಲಿಲ್ಲವಲ್ಲ, ನಾಳೆಯಿಂದ ಅವನು ಯಾರ ಮನೆಯ ಮುಂದೆ ಲಾರಿ ನಿಲ್ಲಿಸಬೇಕು, ಯಾರು ಅವನಿಗೆ ಬಿಸಿಲಲ್ಲಿ ಒಂದು ಲೋಟ ನೀರು ಕೊಡುತ್ತಾರೆ, ಹುಟ್ಟುವ ಮಗುವನ್ನು ಯಾರ ಮಗು ಎಂದು ಕರೆಯುತ್ತಾರೆ.

ಝಕಿಯಜ್ಜಿ ಎದ್ದು ನಿಂತಿದ್ದಳು, ಊರುಗೋಲು ಹಿಡಿದು, ಅಧ್ಯಕ್ಷನಿಗೆ ಬೆನ್ನು ಮಾಡಿ. ನೂರಿ, ನೀನಾ, ಎಂದಳು, ಜೋರಾಗಿ ಅಲ್ಲ, ನಮ್ಮನೆ ರೊಟ್ಟೀನೂ ಹಾಕಿದೆಯಾ ಮಗನೇ. ನೂರಿ ಗೋಡೆಯಿಂದ ಬೆನ್ನು ಬಿಡಿಸಿಕೊಂಡ. ಬೇಡ ಎಂದು ವಸೀಲಾ ಒಳಗೇ ಅಂದುಕೊಂಡಳು, ಸುಮ್ಮನಿರು, ತಲೆ ತಗ್ಗಿಸು ಸಾಕು, ತಲೆ ತಗ್ಗಿಸಿದರೆ ಕೆಲಸ ಉಳಿಯುತ್ತದೆ, ಒಂದು ತಿಂಗಳು ಬೈಯುತ್ತಾರೆ, ಮರೆಯುತ್ತಾರೆ, ಜನ ಎಲ್ಲ ಮರೆಯುತ್ತಾರೆ. ಅವನು ಅಜ್ಜಿಯನ್ನೇ ನೋಡುತ್ತಾ ಹೇಳಿದ, ಇಲ್ಲಜ್ಜಿ, ನಾನು ಹಾಕಿಲ್ಲ. ಯೋಚಿಸಿ ಹೇಳಪ್ಪ ನೂರಿ, ಎಂದು ಸೀದಿ ತುಹಾಮಿ ಮೈಕಿಗೆ ಬಾಯಿ ತಂದ, ನಿಮ್ಮ ಸದಸ್ಯೆ ನಿನ್ನ ಪರವಾಗಿ ಹೇಳ್ತಿದ್ದಾರೆ, ಹಾಕಿದೀನಿ ಅಂದ್ರೆ ನಾಳೆಯಿಂದ ಡ್ಯೂಟಿಗೆ ಬಾ, ಇಲ್ಲ ಅಂದ್ರೆ ಇವತ್ತಿಗೆ ಮುಗೀತು. ನೂರಿ ಅಂಗಿಯ ತೋಳಿನಿಂದ ಮುಖ ಒರೆಸಿಕೊಂಡ, ಇಸ್ತ್ರಿ ಮಾಡಿದ ತೋಳು. ಮುಗೀಲಿ ಸಾಹೇಬ್ರೇ, ಎಂದ, ಮಾಡದೇ ಇರೋ ಕೆಲಸಕ್ಕೆ ನನಗೆ ಸಂಬಳ ಬೇಡ, ವಸೀಲಕ್ಕ ಒಳ್ಳೇದಕ್ಕೇ ಹೇಳಿದ್ದಾರೆ, ಅವರ ಮೇಲೆ ನನಗೆ ಬೇಜಾರಿಲ್ಲ, ಆದ್ರೆ ನಾನು ಹಾಕಿಲ್ಲ. ಬಾಗಿಲು ತೆರೆದು ಹೊರಗೆ ಹೋದ, ಬಾಗಿಲು ಅರ್ಧ ತೆರೆದೇ ಉಳಿಯಿತು, ಬಿಸಿಲು ಒಳಗೆ ಬಂತು. ಬರೆದದ್ದು ಹೊಡೆದುಹಾಕಿ, ಎಂದು ಅಧ್ಯಕ್ಷ ಗುಮಾಸ್ತೆಗೆ ಹೇಳಿದ, ಬೇರೆಯವನನ್ನು ತೆಗೆದುಕೊಳ್ಳುವುದು ಎಂದು ಬರೆಯಿರಿ. ಹನಿಯಾ ಮನೆಯಲ್ಲಿ ಕಾಯುತ್ತಿರುತ್ತಾಳೆ, ಹನಿಯಾ ಕಿಟಕಿಯಲ್ಲಿರುತ್ತಾಳೆ, ಬೇಜಾರಿಲ್ಲವಂತೆ, ಬೇಜಾರಿಲ್ಲ ಎಂದನಲ್ಲ, ಬೈದಿದ್ದರೆ ಆಗುತ್ತಿರಲಿಲ್ಲವೇ, ಅವಳಿನ್ನೂ ನಿಂತೇ ಇದ್ದಾಳೆ, ಕುಳಿತುಕೊಳ್ಳಬೇಕು, ಮುಂದಿನ ವಾರ್ಡಿನವರನ್ನು ಕರೆಯಲಿ ಬೇಗ, ಮುಂದಿನ ವಾರ್ಡು, ಯಾರು ಮುಂದಿನ ವಾರ್ಡು. ಝಕಿಯಜ್ಜಿ ಕುಳಿತಿಲ್ಲ. ಊರುಗೋಲಿನ ಮೇಲೆ ಎರಡೂ ಕೈ ಇಟ್ಟು ನಿಧಾನವಾಗಿ ಈ ಕಡೆ ತಿರುಗುತ್ತಿದ್ದಾಳೆ, ಮೊದಲು ಕೋಲು, ಆಮೇಲೆ ಕಾಲು, ಆಮೇಲೆ ಮುಖ, ಅವಳ ಹಿಂದೆ ಎರಡನೆಯ ಸಾಲು, ಮೂರನೆಯ ಸಾಲು, ರನೀಮಳ ತಾಯಿ, ಕ್ಷೌರದಂಗಡಿಯವನು. ಹಾಗಾದ್ರೆ ಎಲ್ಲಿ ಮಗಳೇ, ಎಂದು ಕೇಳಿದಳು, ನಿನ್ನ ಕೈಗೇ ಕೊಟ್ಟಿದ್ನಲ್ಲ. ವಸೀಲಾ ಮೈಕಿನ ಹತ್ತಿರ ಬಾಗಿದಳು, ಏನೋ ಹೇಳಬೇಕು, ಕುರಿಯವನು ಎನ್ನಬಹುದು, ಗುಡ್ಡದಾಚೆಯ ಕುರಿಯವನು, ಯಾರು ಹೋಗಿ ನೋಡಿದ್ದಾರೆ, ಬಾಯಿ ತೆರೆದಳು, ಕಬ್ಬಿಣದ ಅಂಚು, ಅರ್ಧ ರೊಟ್ಟಿ, ಕೈ ಚಾಚಿದರೆ ಸಿಗುತ್ತದೆ, ಇನ್ನೂ ಸಿಗುತ್ತದೆ, ಹಲ್ಲಿನ ಸಾಲು ಒಂದೊಂದೂ ಕಾಣುತ್ತದೆ, ಮುಂದಿನ ಎರಡು ಹಲ್ಲಿನ ನಡುವೆ ಸಂದು, ಆ ಸಂದಿನಲ್ಲಿ ಕಚ್ಚದೇ ಉಳಿದ ಒಂದು ಎಳೆ ರೊಟ್ಟಿ, ಮತ್ತು ಹಲಗೆ, ಮತ್ತು ಹಲಗೆ